ಮೀಸಲಿಟ್ಟ ಎಲೆ

"ನೀನು ತಿರುಗಿ ಬಂದು ನಿನ್ನ ಕೈಯಾರೆ ಕಾಸೋ ತನಕ ಇದನ್ನ ಯಾರ ನಾಲಿಗೆಗೂ ಮುಟ್ಟಿಸಲ್ಲ. ಗೌರಸಮುದ್ರದ ಮಾರಮ್ಮನ ಆಣೆ."

ನಮ್ಮತ್ತೆ ಲಕ್ಷ್ಮಕ್ಕ ಒಂದು ತಗಡಿನ ಡಬ್ಬಿಯ ಮೇಲೆ ಬಲಗೈ ಇಟ್ಟು ಹೀಗೆ ಮಾತು ಕೊಟ್ಟಾಗ ನನ್ನ ಮಗಳು ಕಾವ್ಯ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ಮಾತು ಕೊಟ್ಟಿದ್ದು ಒಬ್ಬ ಚೀನಾದವನಿಗೆ. ಹೆಸರು ಲಿನ್. ನಮ್ಮ ಯೂನಿಟ್ಟಿನ ಹೆಂಗಸರ ಬಾಯಲ್ಲಿ ಲಿಂಗಣ್ಣ.

ಮೊಳಕಾಲ್ಮೂರಿನಿಂದ ಬಿ.ಜಿ. ಕೆರೆಗೆ ಬರುವ ದಾರಿಯಲ್ಲಿ ಶಾಂತವೀರಪ್ಪನವರು ರೇಷ್ಮೆ ನೂಲು ತೆಗೆಯುವ ಯೂನಿಟ್ ಹಾಕಿದಾಗ ಚೀನಾದಿಂದ ದೊಡ್ಡ ಮಿಷಿನ್ ತರಿಸಿದ್ದರು. ಅದನ್ನು ಜೋಡಿಸಿ, ನಮಗೆ ಕಲಿಸಿಕೊಟ್ಟು ಹೋಗಲು ಬಂದವನು ಲಿನ್. ಯೂನಿಟ್ಟಿನ ಹಿಂದಿನ ಕೋಣೆಯಲ್ಲೇ ಇದ್ದ. ನಮ್ಮ ಖಾರ ತಿಂದು ಅವನ ಹೊಟ್ಟೆ ಕೆಟ್ಟು ಹಾಸಿಗೆ ಹಿಡಿದಾಗ, ಅದೇ ಯೂನಿಟ್ಟಿನಲ್ಲಿ ಗೂಡು ಬೇಯಿಸುತ್ತಿದ್ದ ಅತ್ತೆ ದಿನಾ ರಾಗಿ ಗಂಜಿ ಕಾಸಿ, ಮಜ್ಜಿಗೆ ಬೆರೆಸಿ ಕುಡಿಸಿದರು. ಅವನಿಗೆ ಬರುತ್ತಿದ್ದ ಕನ್ನಡ ಎಂದರೆ "ಅಕ್ಕ" ಮತ್ತು "ಊಟ ಆಯ್ತಾ". ಅಷ್ಟರಲ್ಲೇ ಅವರಿಬ್ಬರ ಮಾತು ಗಂಟೆಗಟ್ಟಲೆ ನಡೆಯುತ್ತಿತ್ತು. ಉಳಿದವರಿಗೆ ಏನಾದರೂ ಹೇಳಬೇಕಾದರೆ ಅವನ ಜೊತೆ ಬಂದಿದ್ದ ದುಭಾಷಿ ಹುಡುಗ ಹೇಳುತ್ತಿದ್ದ.

ಸಂಜೆ ಮಿಷಿನ್ ನಿಂತ ಮೇಲೆ ಲಿನ್ ಒಂದು ಮುಚ್ಚಳದ ಬಟ್ಟಲು ಇಟ್ಟುಕೊಂಡು ಕೂರುತ್ತಿದ್ದ. ಮುಷ್ಟಿಯಷ್ಟೇ ಬಟ್ಟಲು. ಕಾಳಿನ ಹಾಗೆ ಗುಂಡಗೆ ಸುತ್ತಿದ ಎಲೆ ಅದರೊಳಗೆ ಬಿದ್ದರೆ ಟಣ್ ಅನ್ನುತ್ತಿತ್ತು. ಕುದಿಯುವ ನೀರು ಹೊಯ್ದು ಮುಚ್ಚಿ, ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ ಬಸಿಯುತ್ತಿದ್ದ. ಅದೇ ಎಲೆಗೆ ಮತ್ತೆ ನೀರು, ಮತ್ತೆ. ಕಾಳು ಬಿಚ್ಚಿ ಬಿಚ್ಚಿ ಕೊನೆಗೆ ಬಟ್ಟಲು ತುಂಬ ಎಲೆ.

"ಇದೇನ್ ಲಿಂಗಣ್ಣ, ಲೋಟ ತೊಳೆದ ನೀರು ಕೊಟ್ಟಂಗೈತೆ. ಸಕ್ರೆ ಎಲ್ಲೈತೆ?" ಎಂದಿದ್ದಳು ಶೈಲಜಾ. ನೂಲು ತೆಗೆಯುವ ಸಾಲಲ್ಲಿ ನನ್ನ ಪಕ್ಕದ ಬೇಸಿನ್ನಿನವಳು. ಮರುದಿನ ಅವನಿಲ್ಲದಾಗ ಅದಕ್ಕೆ ಹಾಲು ಸಕ್ಕರೆ ಹಾಕಿ ಕುದಿಸಿ ಅವನಿಗೇ ಕೊಟ್ಟಳು. ಅವನು ಪೂರಾ ಕುಡಿದ. ಮುಖ ಮಾತ್ರ ಹರಳೆಣ್ಣೆ ಕುಡಿದ ಮಗುವಿನ ಮುಖ.

ನನಗೆ ಮಾತ್ರ ಆ ಚಹಾ ಹಿಡಿಸಿತು. ಕುಡಿದಾಗ ಒಗರು. ಲೋಟ ಕೆಳಗಿಟ್ಟ ಮೇಲೆ ಗಂಟಲಿನಿಂದ ಸಿಹಿ ಮೇಲೆ ಬರುತ್ತದೆ, ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗೆ. ಅದು ಅವನ ಅಪ್ಪನ ತೋಟದ ಎಲೆಯಂತೆ. ಆ ಗಿಡದ ಎಲೆಗೆಲ್ಲ ತುದಿ ಒಂದು ಕಡೆಗೆ ಸೊಟ್ಟ. ಊಲಾಂಗ್ ಅಂತ ಹೆಸರು. ಕಿತ್ತ ಎಲೆಯನ್ನು ಬಿಸಿಲಿಗೆ ಬಾಡಿಸಿ, ಬುಟ್ಟಿಯಲ್ಲಿ ಹಾಕಿ ಕುಲುಕುತ್ತಾರೆ. ಅಂಚು ಅಂಚೆಲ್ಲ ಜಜ್ಜಿ ಕೆಂಪಾಗುತ್ತದೆ, ನಡು ಹಸಿರಾಗೇ ಇರುತ್ತದೆ. ಆ ಹೊತ್ತಿಗೆ ಸರಿಯಾಗಿ ಬೆಂಕಿ ತೋರಿಸಿ ನಿಲ್ಲಿಸಬೇಕು. ತಡವಾದರೆ ಎಲ್ಲರೂ ಕುಡಿಯುವ ಕರಿ ಚಹಾ, ಅವಸರ ಮಾಡಿದರೆ ಹಸಿರು ಚಹಾ. ದುಭಾಷಿ ಇದನ್ನು ಹೇಳುವಾಗ ನಮಗೆ ತಕ್ಷಣ ತಿಳಿಯಿತು. ರೇಷ್ಮೆ ಗೂಡೂ ಅಷ್ಟೇ. ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆಯುವ ಮುಂಚೆ ಬಿಸಿ ಕೊಟ್ಟು ನಿಲ್ಲಿಸದಿದ್ದರೆ ಎಳೆ ಎಲ್ಲ ತುಂಡು.

ಒಂದು ಮಳೆಗಾಲ ಎಲೆಗೆ ಥಂಡಿ ಹಿಡಿಯಿತು. ಲಿನ್ ಅಂಗಳದಲ್ಲಿ ಇದ್ದಿಲು ಹಚ್ಚಿ, ಮೇಲೆ ಬೂದಿ ಮುಚ್ಚಿ, ಬಿದಿರು ಬುಟ್ಟಿಯಲ್ಲಿ ಎಲೆ ಹರಡಿ ಹುರಿದ. ನಡುನಡುವೆ ನಾಲ್ಕು ಕಾಳು ಬಟ್ಟಲಿಗೆ ಹಾಕಿ ಕಾಸಿ ಕುಡಿದು ನೋಡುತ್ತಿದ್ದ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದ್ದು ನನಗೆ ಚೆನ್ನಾಗಿ ನೆನಪಿತ್ತು.

ಹೋಗುವಾಗ ಒಂದು ಡಬ್ಬಿ ತುಂಬ ಎಲೆ ಅತ್ತೆಯ ಕೈಗಿಟ್ಟು, "ಅಕ್ಕ, ಬರ್ತೀನಿ, ನಿಮ್ಮ ಜೊತೆ ಕುಡೀತೀನಿ" ಎಂದು ದುಭಾಷಿಯಿಂದ ಹೇಳಿಸಿದ. ವರ್ಷಕ್ಕೊಮ್ಮೆ ಬಿಸಿ ತೋರಿಸಿ ಎಂದೂ ಹೇಳಿಸಿದ. ಅತ್ತೆ ತಲೆಯಾಡಿಸಿದರು. ಆದರೆ ಅವರ ಮನಸ್ಸಿನಲ್ಲಿ ಆ ಡಬ್ಬಿ ಅವತ್ತೇ ಮೀಸಲಾಗಿಹೋಗಿತ್ತು.

ಮೀಸಲು ಅಂದರೆ ನಮ್ಮ ಕಡೆ ಮೀಸಲೇ. ಮಾರಮ್ಮನಿಗೆ ಎಡೆ ಬೇಯಿಸುವಾಗ ಅತ್ತೆ ಬಾಯಿಗೆ ಸೆರಗು ಕಟ್ಟಿಕೊಳ್ಳುತ್ತಾರೆ. ಉಪ್ಪು ಸರಿ ಇದೆಯಾ ಅಂತ ಯಾರೂ ನಾಲಿಗೆಗೆ ಹಚ್ಚಿ ನೋಡುವಂತಿಲ್ಲ. ವಾಸನೆ ಕೂಡ ಎಳೆಯುವಂತಿಲ್ಲ. ಹಾಗೆ ಆ ಡಬ್ಬಿಗೂ ಅರಿಶಿನದ ದಾರ ಸುತ್ತಿ, ಅವರು ತಮ್ಮ ಪೆಟ್ಟಿಗೆಯಲ್ಲಿ, ಮದುವೆಯ ರೇಷ್ಮೆ ಸೀರೆಗಳ ನಡುವೆ ಇಟ್ಟರು. ಮತ್ತೆ ತೆಗೆಯಲಿಲ್ಲ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಮಿಷಿನ್ ನಿಂತುಹೋಯಿತು. ಎಳೆ ತೆಳುವಾದ ಕೂಡಲೇ ಹೊಸ ಗೂಡು ತಾನೇ ಎತ್ತಿಕೊಡುವ ಭಾಗ ಕೆಟ್ಟಿತ್ತು. ಎರಡು ಊರಿಂದ ಮೆಕ್ಯಾನಿಕ್‌ಗಳು ಬಂದು ಬಿಚ್ಚಿ, ನೋಡಿ, ಹಾಗೇ ಮುಚ್ಚಿ ಹೋದರು. ಶಾಂತವೀರಪ್ಪನವರು ಈಗಿಲ್ಲ. ಮಗ ಅಮರೇಶನದೇ ಯಜಮಾನಿಕೆ. ಅವನು ಬಳ್ಳಾರಿಯ ಗುಜರಿಯವರಿಗೆ ಬರಹೇಳಿದ್ದಾನೆ ಎಂದು ಶೈಲಜಾ ಸುದ್ದಿ ತಂದಳು. "ಸೋಮವಾರ ಕೊಯ್ಯಾಕೆ ಬರ್ತಾರಂತೆ. ಗ್ಯಾಸು ಕಟ್ಟರ್ ತಗಂಡು."

ಯೂನಿಟ್ ಮುಚ್ಚಿದರೆ ನಮಗೆ ಉಳಿಯುವ ದಾರಿ ಬಳ್ಳಾರಿಯ ಜೀನ್ಸ್ ಹೊಲಿಗೆ. ನನ್ನ ಗಂಡ ವೀರೇಶ ಲಾರಿ ಮೇಲಿರುವವನು, ಮನೆಗೆ ಬಂದರೆ ನೆಂಟ. ನಾನೂ ಊರು ಬಿಟ್ಟರೆ ಕಾವ್ಯ ಪಿಯುಸಿ ಬಿಟ್ಟು ಅಜ್ಜಿಯ ಜೊತೆ ಮನೆ ನೋಡಿಕೊಳ್ಳಬೇಕು. ಅವಳು ಇನ್ನೂ ಆ ಮಾತು ಎತ್ತಿರಲಿಲ್ಲ. ಆದರೆ ಒಂದು ಬೆಳಿಗ್ಗೆ ಕೇಳದೆಯೇ ಅಜ್ಜಿಯಿಂದ ಮುದ್ದೆ ತಿರುವುವುದನ್ನು ಕಲಿಯುತ್ತಿದ್ದಳು. ನೋಡಿ ನನಗೆ ತಡೆಯಲಾಗಲಿಲ್ಲ, ಕೋಲು ಕಿತ್ತುಕೊಂಡು ಓದಲು ಅಟ್ಟಿದೆ.

ಶುಕ್ರವಾರ ಅಮರೇಶ ಮನೆಗೇ ಬಂದ. ಅವನು ನಮ್ಮ ಹೊಸ್ತಿಲು ತುಳಿದದ್ದು ಅದೇ ಮೊದಲು.

"ಲಕ್ಷ್ಮಕ್ಕ, ಲಿನ್ ಫೋನ್ ಮಾಡಿದ್ದ. ರಾಮನಗರಕ್ಕೆ ಬಂದವ್ನೆ. ಭಾನುವಾರ ಇಲ್ಲಿಗೆ ಬರ್ತಾನಂತೆ."

"ಮಿಷಿನ್ ನೋಡಾಕಾ?" ಎಂದೆ ನಾನು.

"ಮಿಷಿನ್ ಅಂದ್ರೆ ಬ್ಯಾಡ ಅಂದ. ರಿಟೈರ್ ಆಗೀನಿ, ಕೈ ಹಾಕಲ್ಲ ಅಂದ. ಚಹಾ ಕುಡಿಯಾಕೆ ಬರ್ತಾನಂತೆ." ಅಮರೇಶ ಅತ್ತೆಯನ್ನೇ ನೋಡುತ್ತ ಹೇಳಿದ. "ಅವರಪ್ಪ ತೀರ್ಕಂಡ್ರಂತೆ. ತೋಟದ ಮೇಲೆ ರಸ್ತೆ ಹೋಯ್ತಂತೆ, ಒಂದು ಗಿಡ ಇಲ್ಲ. ಆ ಎಲೆ ಈಗ ಎಲ್ಲಾದ್ರೂ ಐತೆ ಅಂದ್ರೆ ಅಕ್ಕನ ಡಬ್ಬೀಲಿ ಮಾತ್ರ ಅಂದ. ಐತಲ್ಲ?"

"ನಾನು ಮಾತು ಕೊಟ್ಟೀನಿ ಕಣಪ್ಪ," ಎಂದರು ಅತ್ತೆ.

"ಹಂಗಾದ್ರೆ ಸರಿ. ಅವನು ಖುಷಿಯಾಗಿ ಕುಡಿದ್ರೆ, ಆಮೇಲೆ ನಾನು ಕೈಮುಗಿದು ಕೇಳ್ತೀನಿ. ಇಲ್ಲ ಅನ್ನಲ್ಲ. ಕೆಟ್ಟಿದ್ರೆ ಮಾತ್ರ," ಎಂದವನು ವಾಕ್ಯ ಮುಗಿಸಲಿಲ್ಲ. ಮುಗಿಸುವುದು ಬೇಕಾಗಿರಲಿಲ್ಲ.

ಅತ್ತೆ ಸ್ನಾನ ಮಾಡಿ ಬಂದು ಪೆಟ್ಟಿಗೆ ತೆಗೆದರು. ಮುಚ್ಚಳ ಎತ್ತಿದ್ದೇ ತಡ, ಗುಡಿಯ ಬಾಗಿಲು ತೆರೆದ ಹಾಗೆ ವಾಸನೆ ಹೊಡೆಯಿತು. ಸೀರೆಗೆ ಹುಳ ಹತ್ತಬಾರದೆಂದು ಅವರು ವರ್ಷಾ ವರ್ಷ ಗಂಟು ಗಂಟು ಕರ್ಪೂರ ಹಾಕುತ್ತ ಬಂದಿದ್ದರು. ಡಬ್ಬಿಯ ಮುಚ್ಚಳದ ಒಂದು ಅಂಚು ತುಕ್ಕು ಹಿಡಿದು ಸಡಿಲವಾಗಿತ್ತು. ಅರಿಶಿನದ ದಾರ ಬಿಚ್ಚಿ ಮುಚ್ಚಳ ತೆಗೆದೆ. ಎಲೆ ಕಾಳಿನ ಹಾಗೇ ಇತ್ತು, ಹುಳವಿಲ್ಲ, ಬೂಷ್ಟಿಲ್ಲ. ಆದರೆ ಚಹಾದ ವಾಸನೆ ಇಲ್ಲ. ಬರೀ ಕರ್ಪೂರ, ಅದರ ಕೆಳಗೆ ಹಳೇ ಗೋಣಿಯ ಥಂಡಿ.

ಅಮರೇಶ ಹಣೆ ಒತ್ತಿಕೊಂಡ. "ಹೋಯ್ತು ಬಿಡ್ರಿ. ಬೆಂಗಳೂರಲ್ಲಿ ಇದೇ ತರದ್ದು ಸಿಗುತ್ತೆ. ನಾಳೆ ಬಸ್ಸಿಗೆ ಒಂದು ಪೊಟ್ಟಣ ಹಾಕಿಸ್ತೀನಿ. ಈ ಡಬ್ಬೀಗೆ ಸುರಿದ್ರೆ ಯಾರಿಗೆ ಗೊತ್ತಾಗ್ತೈತೆ?"

"ಮಾರಮ್ಮಂಗೆ ಗೊತ್ತಾಗ್ತೈತೆ," ಎಂದರು ಅತ್ತೆ. ದನಿ ಏರಿಸಲಿಲ್ಲ. ಅಮರೇಶ ಚಪ್ಪಲಿ ಹುಡುಕಿಕೊಂಡು ಹೊರಟ. ಪೊಟ್ಟಣ ತರಿಸುವುದನ್ನು ಬಿಡುತ್ತಾನೆ ಎಂದು ಮಾತ್ರ ನನಗೆ ಅನಿಸಲಿಲ್ಲ.

ಹುರಿದರೆ ವಾಸನೆ ಹೋಗಬಹುದು ಎಂದು ನಾನು ಹೇಳಿದೆ. ಲಿಂಗಣ್ಣನೇ ಹುರಿದಿದ್ದನ್ನು ನೋಡಿದೀನಿ, ಚಳ್ಳಕೆರೆಯಲ್ಲಿ ನನ್ನ ತಮ್ಮ ತಿಪ್ಪೇರುದ್ರನ ಶೇಂಗಾ ಭಟ್ಟಿ ಐತೆ, ಇದ್ದಿಲು ಐತೆ, ನಾಳೆ ಹೋಗಿ ಬರ್ತೀನಿ ಎಂದೆ. ಅತ್ತೆ ಡಬ್ಬಿಯ ಮುಚ್ಚಳ ಒತ್ತಿ ನನ್ನ ಕೈಗಿಟ್ಟರು.

"ಹುರಿ. ಬೆಂಕಿಗೆ ಮೈಲಿಗೆ ಇಲ್ಲ. ಆದ್ರೆ ನಾಲಿಗೆಗೆ ಮುಟ್ಟಿಸಬ್ಯಾಡ, ವನಜ. ಒಂದು ಹನಿನೂ ಬ್ಯಾಡ. ನನ್ನ ಬಾಯಿ ಉಳಿಸು."

ಆಯ್ತು ಅಂದೆ.

ಶನಿವಾರ ಬೆಳಗಿನ ಬಸ್ಸಿಗೆ ಚಳ್ಳಕೆರೆಗೆ ಹೋದೆ. ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಪಕ್ಕದಲ್ಲಿ ಕೂತ ಹೆಂಗಸು ಮೂಗು ಎಳೆದು, "ಯಾವ ದೇವ್ರ ಪ್ರಸಾದನಮ್ಮ?" ಎಂದು ಕೇಳಿದಳು.

ತಿಪ್ಪೇರುದ್ರನ ಭಟ್ಟಿ ಎಣ್ಣೆ ಮಿಲ್ಲುಗಳ ಹಿಂದಿನ ಗಲ್ಲಿಯಲ್ಲಿದೆ. ಅವನು ಡಬ್ಬಿಯೊಳಗೆ ಇಣುಕಿದ. "ಇದೇನಕ್ಕ, ಮೆಣಸಾ? ಮರಳಿಗೆ ಹಾಕಿ ಎರಡು ಕೈ ಆಡಿಸಿದ್ರೆ ಮುಗೀತು."

"ಶೇಂಗಾ ಹುರಿದಂಗೆ ಹುರಿದ್ರೆ ಬೂದಿ ಆಗ್ತೈತೆ ಕಣೋ. ನಿನ್ನ ಮರಳಲ್ಲಿ ಇಪ್ಪತ್ತು ವರ್ಷದ ಎಣ್ಣೆ ವಾಸನೆ ಐತೆ. ಬರೀ ಜಾಲಿ ಇದ್ದಿಲು ಕೊಡು. ಹೊಸಾ ಪುಟ್ಟಿ ಕೊಡು."

"ಹೊಸಾ ಪುಟ್ಟಿ ಅಂತೆ. ಬಾಣಂತನ ಮಾಡಾಕೆ ಬಂದಂಗೆ ಮಾಡ್ತೀಯಲ್ಲ," ಎನ್ನುತ್ತ ಬಿದಿರಿನ ಪುಟ್ಟಿ ತಂದುಕೊಟ್ಟ.

ಹಿಂದಿನ ಕೋಣೆಯಲ್ಲಿ ಇದ್ದಿಲು ಹಚ್ಚಿದೆ. ಹೊಗೆ ಪೂರ್ತಿ ಹೋಗುವ ತನಕ ಕಾದೆ. ಕೆಂಡ ಕೆಂಪಾದ ಮೇಲೆ ಬೂದಿ ಮುಚ್ಚಿದೆ. ಬೂದಿಯ ಮೇಲೆ ಅಂಗೈ ಹಿಡಿದು ಬಿಸಿ ನೋಡಿದೆ. ಗೂಡು ಬೇಯಿಸುವ ನೀರನ್ನು ಕೈಯಲ್ಲೇ ಅಳೆದು ಅಭ್ಯಾಸ. ಹೊರಗೆ ಗಾಳಿ ಜೋರಿತ್ತು, ಕಿಟಕಿಗೆ ಗೋಣಿ ಕಟ್ಟಿಸಿದೆ. ಎಲೆಯನ್ನು ಎರಡು ಪಾಲು ಮಾಡಲಿಲ್ಲ. ಮಾಡಬೇಕಾಗಿತ್ತೇನೋ. ಕೆಟ್ಟರೆ ಅರ್ಧವಾದರೂ ಉಳಿಯುತ್ತಿತ್ತು. ಆದರೆ ಮೀಸಲನ್ನು ಒಡೆಯಲು ಕೈ ಬರಲಿಲ್ಲ.

ಎಷ್ಟು ಹುರಿಯಬೇಕು ಎನ್ನುವುದೇ ಗೊತ್ತಿಲ್ಲ. ಬಿಸಿ ತಾಕಿದ ಕೂಡಲೇ ಕರ್ಪೂರ ಕೋಣೆ ತುಂಬಿ ನನ್ನ ಮೂಗೇ ಸತ್ತುಹೋಯಿತು. ಎಲೆಯಲ್ಲಿದೆಯೋ ಗಾಳಿಯಲ್ಲಿದೆಯೋ ತಿಳಿಯುತ್ತಿಲ್ಲ. ತಿರುವಲು ಪ್ರತಿ ಸಲ ಪುಟ್ಟಿಯನ್ನು ಕೆಂಡದಿಂದ ದೂರ ತಂದು ತಿರುವುತ್ತಿದ್ದೆ. ಒಂದು ಚೂರು ಎಲೆಪುಡಿ ಕೆಂಡಕ್ಕೆ ಬಿದ್ದರೆ ಹೊಗೆ ಎದ್ದು ಎಲ್ಲಕ್ಕೂ ಹತ್ತುತ್ತದೆ. ಅಷ್ಟರಲ್ಲಿ ಮುಂದಿನ ಭಟ್ಟಿಗೆ ಯಾರೋ ಶೇಂಗಾ ಹೊಟ್ಟು ತುಂಬಿದರು. ಬಾಗಿಲ ಸಂದಿಯಿಂದ ದಪ್ಪ ಹಳದಿ ಹೊಗೆ ಒಳಗೆ ನುಗ್ಗಿತು. ಪುಟ್ಟಿಯನ್ನು ಎದೆಗೆ ಅವುಚಿಕೊಂಡು, ಸೆರಗು ಮುಚ್ಚಿ, ಹಿಂಬಾಗಿಲಿಂದ ಗಲ್ಲಿಗೆ ಓಡಿದೆ. ರವಿಕೆ ದಾಟಿ ಬಿಸಿ ಮೈಗೆ ಹತ್ತಿತು. ಬಿಡಲಿಲ್ಲ.

ತಿಪ್ಪೇರುದ್ರ ಬೈದಾಡಿ ಭಟ್ಟಿ ಆರಿಸಿ ಬಂದ. "ಏನಾಯ್ತು? ಹತ್ತಿತಾ ಹೊಗೆ?"

"ಗೊತ್ತಿಲ್ಲ."

"ಕುಡಿದು ನೋಡು."

"ಕುಡಿಯಂಗಿಲ್ಲ."

"ಅಲ್ಲಕ್ಕ, ನಾನು ದಿನಾ ಎಷ್ಟು ಚೀಲ ಹುರೀತೀನಿ. ಒಂದು ಕಾಳು ಬಾಯಿಗೆ ಹಾಕದೆ ಒಂದು ಪಾತ್ರೆ ಇಳಿಸಿಲ್ಲ. ಕಣ್ಣು ಸುಳ್ಳು ಹೇಳ್ತೈತೆ, ಮೂಗು ಸುಳ್ಳು ಹೇಳ್ತೈತೆ."

"ಅತ್ತೆ ಆಣೆ ಇಟ್ಟವ್ರೆ."

"ಹಂಗಾದ್ರೆ ಹಂಗೇ ತಗಂಡೋಗಿ ಕೊಡು. ನಾಳೆ ಅವನು ಮೊದಲ ಗುಟುಕು ಉಗುಳಿದ್ರೆ ಗೊತ್ತಾಗ್ತೈತೆ ಹತ್ತಿತ್ತು ಅಂತ."

ಗಲ್ಲಿಯ ಕಟ್ಟೆಯ ಮೇಲೆ ಕೂತೆ. ಮಡಿಲಲ್ಲಿ ಪುಟ್ಟಿ. ಇದರಲ್ಲಿ ನನಗೆ ಬೇಕಾದ್ದು ಏನು ಎಂದು ಕೇಳಿಕೊಂಡೆ. ಮಿಷಿನ್ ತಿರುಗಬೇಕು. ಕಾವ್ಯ ಕಾಲೇಜಿಗೆ ಹೋಗಬೇಕು. ಮಾರಮ್ಮನ ಮುಂದೆ ನಾನೂ ಪ್ರತಿ ವರ್ಷ ಬೇವಿನ ಸೊಪ್ಪು ಹಿಡಿದು ನಿಂತವಳೇ. ಆದರೂ ಒಳಗೆ ಹೋಗಿ ಒಲೆ ಮೇಲೆ ನೀರಿಟ್ಟೆ.

ಸ್ಟೀಲ್ ಲೋಟಕ್ಕೆ ಒಂದು ಚಿಟಿಕೆ ಎಲೆ, ಮೇಲೆ ತಟ್ಟೆ. ಬಸಿದು ಬಾಯಿಗೆ ಹಾಕಿದೆ. ಕರ್ಪೂರ ಮೂಗಿನವರೆಗೂ ಏರಿತು. ಹೊಗೆ ಇರಲಿಲ್ಲ. ಅಷ್ಟು ತಿಳಿದದ್ದೇ ಸಾಕೆನಿಸಿ ಮತ್ತೆ ಕೆಂಡದ ಮುಂದೆ ಕೂತೆ. ಲೋಟದಲ್ಲಿ ಉಳಿದ ಎಲೆ ಪೂರ್ತಿ ಬಿಚ್ಚಿಕೊಂಡಿತ್ತು. ಅದನ್ನು ಚರಂಡಿಗೆ ಚೆಲ್ಲಲು ಆಗಲಿಲ್ಲ; ಮೀಸಲಿನದ್ದು ಯಾರ ಕಾಲಿಗೂ ಸಿಗಬಾರದು. ಒದ್ದೆ ಬಟ್ಟೆಯಲ್ಲಿ ಕಟ್ಟಿ ಬುತ್ತಿ ಡಬ್ಬಿಗೆ ಹಾಕಿಕೊಂಡೆ, ಮನೆಗೆ ಹೋಗಿ ತುಳಸಿ ಬುಡಕ್ಕೆ ಹಾಕೋಣ ಎಂದು.

ಮಧ್ಯಾಹ್ನದ ಮೇಲೆ ಇನ್ನೊಮ್ಮೆ ರುಚಿ ನೋಡಿದೆ. ಕರ್ಪೂರ ಹಿಂದೆ ಸರಿದಿತ್ತು, ಗೋಣಿಯ ಥಂಡಿ ಮುಂದೆ ಬಂದಿತ್ತು. ಇನ್ನೂ ಹುರಿದೆ. ಎಲೆ ಕಪ್ಪಾಗುತ್ತ ಬಂತು. ಈಗ ಭಯವೆಲ್ಲ ಸುಡುವುದರದ್ದು. ನಿಲ್ಲಿಸಿದರೆ ಥಂಡಿ ಉಳಿಯುತ್ತದೆ, ಬಿಟ್ಟರೆ ಇದ್ದಿಲಾಗುತ್ತದೆ. ಬಿಸಿಲು ಇಳಿಯುವ ಹೊತ್ತಿಗೆ ಮೂರನೆಯ ಸಲ ಕುಡಿದೆ. ಹುರಿದ ರಾಗಿಯ ವಾಸನೆ. ಒಗರು. ಲೋಟ ಕೆಳಗಿಟ್ಟು ಕಾದೆ. ಏನೂ ಬರಲಿಲ್ಲ. ಏಳೋಣ ಎನ್ನುವಾಗ ಗಂಟಲ ಬುಡದಿಂದ ಸಣ್ಣಗೆ ಸಿಹಿ ಮೇಲೆದ್ದಿತು.

ಪುಟ್ಟಿ ಇಳಿಸಿದೆ.

ಮನೆಗೆ ಬಂದಾಗ ಅತ್ತೆ ಅಂಗಳದಲ್ಲೇ ಕೂತಿದ್ದರು. ಡಬ್ಬಿ ತೆಗೆದುಕೊಂಡು ಅರಿಶಿನದ ಹೊಸ ದಾರ ಸುತ್ತಿದರು. "ಮುಟ್ಟಿಸಲಿಲ್ಲ ತಾನೆ?" ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ತುಳಸಿಯ ಹತ್ತಿರವೇ ಕೂತಿದ್ದರಿಂದ ಬುತ್ತಿ ಡಬ್ಬಿಯಲ್ಲಿದ್ದದ್ದು ಅಲ್ಲೇ ಉಳಿಯಿತು. ಬೆಳಿಗ್ಗೆ ಅದೇ ಚೀಲ ಹಿಡಿದು ಯೂನಿಟ್ಟಿಗೆ ಹೋದೆ.

ಭಾನುವಾರ ಲಿನ್ ಯೂನಿಟ್ಟಿಗೇ ಬಂದ. ಕೂದಲು ಬೆಳ್ಳಗಾಗಿತ್ತು, ಬೆನ್ನು ಸ್ವಲ್ಪ ಬಾಗಿತ್ತು. ಕಾರಿಂದ ಇಳಿದವನೇ "ಅಕ್ಕ, ಊಟ ಆಯ್ತಾ?" ಎಂದ. ಅತ್ತೆ ಅವನ ಎರಡೂ ಕೈ ಹಿಡಿದು, "ಸೊರಗಿದೀಯಲ್ಲೋ," ಎಂದರು. ಈ ಸಲ ದುಭಾಷಿ ಇರಲಿಲ್ಲ. ಅವನ ಫೋನೇ ಮಾತಾಡುತ್ತಿತ್ತು, ಶಾಲೆಯ ಪುಸ್ತಕದ ಕನ್ನಡದಲ್ಲಿ.

"ದಯವಿಟ್ಟು ಶುದ್ಧವಾದ ನೀರನ್ನು ಕುದಿಸಿರಿ," ಎಂದಿತು ಫೋನು.

"ಅಯ್ಯ, ಲಿಂಗಣ್ಣನ ಫೋನು ನಮ್ಮ ಹೆಡ್ಮಾಸ್ಟ್ರು ಇದ್ದಂಗೈತೆ," ಎಂದಳು ಶೈಲಜಾ.

ನಮ್ಮ ಬೋರಿನ ನೀರು ಕುದಿಸಿದರೆ ಪಾತ್ರೆಗೆ ಸುಣ್ಣ ಕಟ್ಟುತ್ತದೆ. ಅದಕ್ಕೇ ಬೆಳಿಗ್ಗೆಯೇ ಫಿಲ್ಟರ್ ನೀರಿನ ಕ್ಯಾನ್ ತಂದಿಟ್ಟಿದ್ದೆ. ನಿಂತ ಮಿಷಿನ್ ಪಕ್ಕದಲ್ಲೇ ಮೇಜು ಹಾಕಿದ್ದರು. ಲಿನ್ ಚೀಲದಿಂದ ಅದೇ ಮುಚ್ಚಳದ ಬಟ್ಟಲು ತೆಗೆದ. ಅತ್ತೆ ಡಬ್ಬಿಯ ದಾರ ಬಿಚ್ಚಿ ಅವನ ಮುಂದಿಟ್ಟು, "ನಿನ್ನದು ನಿನಗೆ," ಎಂದರು.

ಎಲೆ ಬಟ್ಟಲಿಗೆ ಬಿತ್ತು. ಟಣ್. ಮೊದಲ ನೀರು ಹೊಯ್ದು ಕೂಡಲೇ ಕೆಳಗೆ ಚೆಲ್ಲಿಬಿಟ್ಟ. ಎಲೆ ತೊಳೆಯುವ ಕ್ರಮ ಅದು, ಆಗಲೂ ಹಾಗೇ ಮಾಡುತ್ತಿದ್ದ. ಅತ್ತೆ ಮೆಚ್ಚಿ ತಲೆಯಾಡಿಸಿದರು. "ಭೂಮ್ತಾಯಿಗೆ ಮೊದಲು."

ಎರಡನೆಯ ನೀರು. ಬಸಿದ. ಮುಚ್ಚಳ ಎತ್ತಿ ಮೂಗಿನ ಹತ್ತಿರ ಹಿಡಿದ. ಹುಬ್ಬು ಗಂಟಾಯಿತು. ಕುಡಿದ. ಬಾಯಲ್ಲೇ ಇಟ್ಟುಕೊಂಡು ಮಿಷಿನ್ ಕಡೆ ನೋಡಿದ, ನುಂಗಿದ. ಬಟ್ಟಲಿನಿಂದ ಒಂದು ಎಲೆ ತೆಗೆದು ಬಿಡಿಸಲು ನೋಡಿದ. ಕಪ್ಪಗೆ, ಗಟ್ಟಿಯಾಗಿ ಮುದುಡಿತ್ತು, ಬಿಚ್ಚಲಿಲ್ಲ. ಆಗ ಅವನ ಕಣ್ಣು ಅಮರೇಶನ ಮೇಜಿನ ಮೇಲೆ ಹೋಯಿತು. ಅಲ್ಲಿ ಬೆಂಗಳೂರಿಂದ ಬಂದಿದ್ದ ಪೊಟ್ಟಣ. ಮೇಲೆ ಚೀನೀ ಅಕ್ಷರ.

ಫೋನಿಗೆ ಮೆತ್ತಗೆ ಏನೋ ಹೇಳಿದ.

"ಇದು ನಾನು ಕೊಟ್ಟ ಚಹಾ ಅಲ್ಲ," ಎಂದಿತು ಫೋನು. "ನೀವು ಅಂಗಡಿಯಿಂದ ತಂದಿರುವಿರಿ."

ಅಮರೇಶನ ಮುಖ ಬಿಳಿಚಿತು. "ಇಲ್ಲ ಇಲ್ಲ, ಅದು ಸುಮ್ನೆ ತರಿಸಿದ್ದು, ಒಡೆದೇ ಇಲ್ಲ, ನೋಡಿ," ಎಂದು ಪೊಟ್ಟಣ ಎತ್ತಿ ತೋರಿಸಿದ. ತೋರಿಸಿದ್ದೇ ತಪ್ಪಾಯಿತು. ಲಿನ್ ಅದನ್ನು ನೋಡಲೂ ಇಲ್ಲ.

ಅತ್ತೆ ಎದ್ದು ನಿಂತರು. "ಅದೇ ಡಬ್ಬಿ, ಅದೇ ಎಲೆ. ಹುರಿದೀವಿ, ಅಷ್ಟೇ. ಯಾರೂ ನಾಲಿಗೆಗೆ ಮುಟ್ಟಿಸಿಲ್ಲ. ಮಾರಮ್ಮನ ಆಣೆ."

ಫೋನು ಅದನ್ನೂ ಹೇಳಿತು. ಲಿನ್ ಅತ್ತೆಯ ಕಡೆ ನೋಡಿ ತಲೆ ತಗ್ಗಿಸಿದ. ಸಿಟ್ಟಿರಲಿಲ್ಲ. ಅಕ್ಕನಿಗೆ ಗೊತ್ತಿಲ್ಲದೆ ಯಾರೋ ಬದಲಾಯಿಸಿದ್ದಾರೆ ಎಂದುಕೊಂಡವನ ಮುಖ. ಬಟ್ಟಲಿನ ಎಲೆ ಚೆಲ್ಲಲು ಕಸದ ಬುಟ್ಟಿ ಹುಡುಕಿದ. ಚೀಲದ ಬಾಯಿ ತೆರೆದ.

ಅಮರೇಶ ನನ್ನ ಕಡೆ ತಿರುಗಿ ಹಲ್ಲು ಕಚ್ಚಿ, "ಹುರಿದವಳು ನೀನು. ಏನಾದ್ರೂ ಹೇಳು," ಎಂದ.

ಹೇಳಬೇಕಾದ್ದು ನನ್ನ ಬುತ್ತಿ ಡಬ್ಬಿಯಲ್ಲೇ ಇತ್ತು. ಸುಮ್ಮನಿದ್ದರೆ ಅತ್ತೆಯ ಮಾತು ಊರ ಕಣ್ಣಲ್ಲಿ ಉಳಿಯುತ್ತದೆ. ನಾಳೆ ಗುಜರಿಯವರು ಬಂದು ಮಿಷಿನ್ ಕೊಯ್ಯುತ್ತಾರೆ. ಅತ್ತೆ ಅಲ್ಲೇ, ನನ್ನ ಪಕ್ಕದಲ್ಲೇ ನಿಂತಿದ್ದರು. ಅವರ ಸೆರಗಿನಿಂದ ಕರ್ಪೂರದ ವಾಸನೆ ಬರುತ್ತಿತ್ತು.

ನನ್ನ ಚೀಲದಿಂದ ಬುತ್ತಿ ಡಬ್ಬಿ ತೆಗೆದು ಒದ್ದೆ ಬಟ್ಟೆ ಬಿಚ್ಚಿ ಮೇಜಿನ ಮೇಲಿಟ್ಟೆ.

"ಲಿಂಗಣ್ಣ, ಇದು ಸರಿಯಾಗಿ ಹುರಿಯೋಕೆ ಮುಂಚಿನದ್ದು. ಸೀರೆ ಪೆಟ್ಟಿಗೇಲಿ ಇಟ್ಟು ಕರ್ಪೂರ ಹತ್ತಿತ್ತು. ಹೋಯ್ತೋ ಇಲ್ವೋ ತಿಳೀದೆ ಕಾಸಿ ಕುಡಿದು ನೋಡ್ದೆ. ನಾನೇ ಕುಡ್ದಿದ್ದು."

ಫೋನು ಹೇಳುವ ತನಕ ಕಾಯಬೇಕಾಯಿತು. ನಾನು ಅತ್ತೆಯ ಕಡೆ ನೋಡಲಿಲ್ಲ.

ಲಿನ್ ಒಂದು ಎಲೆ ಎತ್ತಿ ಅಂಗೈ ಮೇಲೆ ಹರಡಿದ. ಒದ್ದೆ ಬಟ್ಟೆಯಲ್ಲಿದ್ದದ್ದರಿಂದ ಇನ್ನೂ ಮೆತ್ತಗಿತ್ತು. ಅಂಚು ಕೆಂಪು, ನಡು ಮಾಸಿದ ಹಸಿರು. ತುದಿ ಒಂದು ಕಡೆಗೆ ಸೊಟ್ಟಗೆ ವಾಲಿತ್ತು. ಆ ಸೊಟ್ಟ ತುದಿಯನ್ನು ಉಗುರಿನಿಂದ ಸವರಿದ. ಮೂಗಿಗೆ ಹಿಡಿದ. ಕರ್ಪೂರ ಹೊಡೆದಿರಬೇಕು, ಕಣ್ಣು ಚಿಕ್ಕದಾಯಿತು. ಅತ್ತೆಯ ಸೀರೆಯ ಕಡೆ ನೋಡಿದ. ಆಮೇಲೆ ಬಟ್ಟಲಿನ ಕಪ್ಪು ಎಲೆಯನ್ನು ತೆಗೆದು, ಬಿಸಿ ನೀರು ಹನಿಸುತ್ತ, ಎರಡು ಉಗುರಲ್ಲಿ ನಿಧಾನಕ್ಕೆ ಬಿಡಿಸಿದ. ಬಹಳ ಹೊತ್ತು ಹಿಡಿಯಿತು. ತುದಿ ಬಿಚ್ಚಿತು. ಅದೂ ಅದೇ ಕಡೆಗೆ ಸೊಟ್ಟ.

ಎರಡನ್ನೂ ಪಕ್ಕ ಪಕ್ಕ ಇಟ್ಟ. ಮೇಜಿನ ಮೇಲಿದ್ದ ಲೋಟ ಎತ್ತಿ ಉಳಿದದ್ದನ್ನು ಕುಡಿದ. ಮತ್ತೆ ನೀರು ಹೊಯ್ದ.

"ಬೆಂಕಿ ಹೆಚ್ಚಾಗಿದೆ," ಎಂದಿತು ಫೋನು. "ಆದರೆ ಇದು ನನ್ನ ತಂದೆಯ ಗಿಡ." ಸ್ವಲ್ಪ ತಡೆದು ಫೋನು ಮತ್ತೆ ಕೇಳಿತು, "ಸಿಹಿ ಯಾವಾಗ ಮರಳಿತು?"

"ಮೂರನೇ ಸಲಕ್ಕೆ. ಬಿಸಿಲು ಇಳಿಯೋ ಹೊತ್ತಿಗೆ," ಎಂದೆ.

ಅವನು ಮೂರು ಪುಟ್ಟ ಲೋಟ ತುಂಬಿದ. ಒಂದು ನನ್ನ ಮುಂದೆ, ಒಂದು ತನಗೆ. ಇನ್ನೊಂದನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆಗೆ ಕೊಟ್ಟ. "ಅಕ್ಕ."

ಅತ್ತೆ ತೆಗೆದುಕೊಂಡರು. ನನ್ನನ್ನು ನೋಡಿದರು.

"ಮೂರು ಸಲ ಕುಡ್ದ್ಯಾ?"

"ಹೂಂ ಅತ್ತೆ."

"ನನ್ನ ಬಾಯಲ್ಲಿ ಕೊಟ್ಟ ಮಾತು ನಿನ್ನ ಬಾ‌ಯಲ್ಲಿ ಹೋಯ್ತು," ಎಂದರು. ಬೈಗುಳದ ದನಿಯಲ್ಲ. ಇವತ್ತು ಗೂಡು ಕಡಿಮೆ ಬಂದೈತೆ ಎಂದು ಹೇಳುವ ದನಿ. ಲೋಟ ಹಿಡಿದುಕೊಂಡು ಹೊರಗೆ ಹೋಗಿ ಬೇವಿನ ಮರದ ಬುಡಕ್ಕೆ ಹೊಯ್ದರು. ನಲ್ಲಿಯಲ್ಲಿ ಲೋಟ ತೊಳೆದು ತಂದು ಲಿನ್ ಮುಂದೆ ಇಟ್ಟರು. "ಬೇಜಾರಾಗಬ್ಯಾಡಪ್ಪ. ನೀನು ಕುಡಿ. ನನಗೆ ಇದು ಎಂಜಲು."

ಫೋನಿಗೆ ಆ ಮಾತು ತಿಳಿಯಲಿಲ್ಲವೋ ಏನೋ, ಏನೂ ಹೇಳಲಿಲ್ಲ. ಲಿನ್‌ಗೆ ತಿಳಿಯಿತು ಎಂದು ಕಾಣುತ್ತದೆ. ಅವನು ಆ ಲೋಟವನ್ನೂ ಮತ್ತೆ ತುಂಬಿ, ಎರಡೂ ತಾನೇ ಕುಡಿದ. ನನ್ನದು ತಣ್ಣಗಾಗುತ್ತಿತ್ತು. ಅತ್ತೆಯ ಮುಂದೆ ಎತ್ತಲು ನನಗೆ ಕೈ ಬರಲಿಲ್ಲ.

ಬಟ್ಟಲು ಖಾಲಿಯಾದ ಮೇಲೆ ಅವನು ಅಂಗಿಯ ತೋಳು ಮಡಿಸಿದ. ಅಮರೇಶ ಕೈಮುಗಿಯುವ ಮುಂಚೆಯೇ ಮಿಷಿನ್‌ನ ಹಿಂದಿನ ಮುಚ್ಚಳ ಬಿಚ್ಚತೊಡಗಿದ್ದ. ಸ್ಪ್ಯಾನರ್ ಬೇಕಾದಾಗ ಅಮರೇಶನ ಕಡೆ ಕೈ ಚಾಚಲಿಲ್ಲ, ನನ್ನ ಕಡೆ ಚಾಚಿದ. ಎಳೆ ಅಳೆಯುವ ಸಣ್ಣ ತಟ್ಟೆಗಳ ನಡುವೆ ಗೂಡಿನ ಅಂಟು ವರ್ಷಗಟ್ಟಲೆ ಕೂತು ಕಲ್ಲಾಗಿತ್ತು. ಬಿಸಿ ನೀರಿನಲ್ಲಿ ನೆನೆಸಿ, ಒಂದೊಂದನ್ನೇ ತೊಳೆದು, ಹೇಗೆ ಹಾಕಬೇಕೆಂದು ನನ್ನಿಂದಲೇ ಹಾಕಿಸಿದ. ತಪ್ಪಿದಾಗ ತೆಗೆಸಿ ಮತ್ತೆ ಹಾಕಿಸಿದ.

ಅತ್ತೆ ಆಗಲೇ ಎದ್ದು ಹೋಗಿ ಬಾಯ್ಲರ್ ಹಚ್ಚಿದ್ದರು.

ಸಂಜೆ ಹೊತ್ತಿಗೆ ಮಿಷಿನ್ ತಿರುಗಿತು. ಅತ್ತೆ ಗೂಡು ಬೇಯಿಸಿ ಕೊಟ್ಟರು, ನಾನು ಎಳೆ ಹಿಡಿದೆ. ಅಮರೇಶ ಬಳ್ಳಾರಿಗೆ ಫೋನ್ ಮಾಡಿ ಬರಬೇಡಿ ಎಂದ.

ಮಾರಮ್ಮನ ಹೆಸರಲ್ಲಿ ಅತ್ತೆ ಕೊಟ್ಟ ಮಾತು ಉಳಿಯಲಿಲ್ಲ. ಮುರಿದವಳು ನಾನು.